ಮೂರನೇ ಹಳಿ

ಸಿಂದಗಿ
೪ ಆಗಸ್ಟ್ ೨೦೨೫

ಭಾಗ್ಯಜ್ಯೋತಿ ಅಕ್ಕೋರಿಗೆ,
ಪರಶು ಹೊಸಮನಿಯ ನಮಸ್ಕಾರ.

ಮೊದಲು ಖರ್ಚಿನ ಬಾಬ್ತು, ಆಮೇಲೆ ಜಗಳ. ಪ್ಲೈವುಡ್, ಅಲ್ಯೂಮಿನಿಯಂ ಪಟ್ಟಿ, ಡ್ರಿಲ್ ಮಷೀನಿನಿಂದ ಕಿತ್ತ ಮೋಟರು, ಬ್ಯಾಟರಿ, ಬಣ್ಣ, ಟೆಂಪೋ ಬಾಡಿಗೆ, ಎಲ್ಲ ಸೇರಿ ಹದಿನೆಂಟು ಸಾವಿರದ ನಾಲ್ಕು ನೂರು. ನನ್ನ ವರ್ಕ್‌ಶಾಪಿನಲ್ಲಿ ಈ ಮಾದರಿ ರೈಲಿನ ದೆಸೆಯಿಂದ ತಡವಾದ ಕಬ್ಬಿಣದ ಗೇಟು ಐದು. ಅದರಲ್ಲಿ ಒಬ್ಬ ಗಿರಾಕಿ ಬೇಸತ್ತು ಬೇರೆಯವರ ಹತ್ತಿರ ಹೋದ. ಹೆಂಡತಿ ಸುಂದರವ್ವನ ಮಾತು ನಾಲ್ಕು ದಿನ ಬಂದ್. ಇಷ್ಟೆಲ್ಲ ಸುರಿದು ನಾನು ಕೊಂಡದ್ದೇನು? ಇಂಡಿ ಊರಿನಲ್ಲಿ ಮಗನ ಮನೆಯ ಪಡಸಾಲೆಯಲ್ಲಿ ಎರಡು ಮೇಜು, ಮಾತು ಬಿಟ್ಟ ವಾರಗಿತ್ತಿಯರ ಹಾಗೆ ನಿಂತಿರುವ ನೋಟ.

ನೀವು ಶನಿವಾರ ನಿಮ್ಮ ಅರ್ಧ ಇಳಿಸಿ ಹೋದಿರಿ. ನಾನು ಭಾನುವಾರ ನನ್ನ ಅರ್ಧ ತಂದೆ. ನಾವಿಬ್ಬರೂ ಒಂದೇ ದಿನ ಬಂದರೆ ಇಂಡಿಯ ಕರೆಂಟು ಹೋಗುತ್ತದೆ ಎಂದು ಯಾರೋ ನಿಮಗೆ ಹೇಳಿರಬೇಕು. ನಿಮ್ಮ ಮಗಳು ನನ್ನ ಮಗನನ್ನು ಮದುವೆಯಾದ ಮೂರು ವರ್ಷದಿಂದ ಹಾಗೇ ನಡೆಸುತ್ತಿದ್ದೀರಿ. ಇರಲಿ. ಮೇಜಿಗೆ ಮೇಜು ಹಚ್ಚಿದೆವು. ನನ್ನ ಹಳಿಗಳ ನಡುವೆ ನಲವತ್ತೈದು ಮಿಲಿಮೀಟರು, ನಿಮ್ಮವುಗಳ ನಡುವೆ ಮೂವತ್ತೆರಡು. ನನ್ನ ಬೋಗಿ ಒಂದು ಮೀಟರು ಉದ್ದ, ನಿಮ್ಮದು ಅದರ ಅರ್ಧ. ನಿಮ್ಮ ಮಗಳು ದಾನೇಶ್ವರಿ ನೋಡಿದವಳೇ ನೆಲದ ಮೇಲೆ ಕೂತುಬಿಟ್ಟಳು.

"ಮಾವಾ, ನಿಮ್ಮ ರೈಲು ನಮ್ಮವ್ವನ ರೈಲನ್ನ ನುಂಗಿ ನೀರ ಕುಡಿತೈತ್ರಿ."

ತಪ್ಪು ಎಲ್ಲಾಯಿತು ಎಂದು ಹಿಂದಿನಿಂದ ತಪಾಸು ಮಾಡಿದೆ. ಮಾದರಿಗಳ ಪ್ರದರ್ಶನಕ್ಕೆ ನಮ್ಮಿಬ್ಬರ ಹೆಸರು ಕೊಟ್ಟವಳು ಅವಳೇ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಸರ್ಕಾರ ಹಾಕದ ಹಳಿ ನಾವು ಹಾಕೋಣ, ಇಂಡಿಯಿಂದ ಸಿಂದಗಿ ದಾಟಿ ಬಾಗೇವಾಡಿಯ ತನಕ ನಿಮ್ಮದು ಮಾವಾ, ಬಾಗೇವಾಡಿಯಿಂದ ಮುದ್ದೇಬಿಹಾಳ ಅವ್ವನದು, ಫೋನಿನಲ್ಲಿ ಇಬ್ಬರೂ ಒದರಾಡುತ್ತೀರಿ, ಕಾಗದ ಬರೆಯಿರಿ ಎಂದಳು. ನೀವು ಮೊದಲ ಕಾಗದದಲ್ಲೇ ಅಳತೆಯ ಪ್ರಮಾಣ ಎಷ್ಟು ಎಂದು ಕೇಳಿದಿರಿ. ನಾನು ಜಾಣತನ ಮಾಡಿದೆ: ಅಂಕಿ ಬೇಡ, ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಮಾಡುವ ಮಣ್ಣಿನ ಎತ್ತನ್ನು ಹಳಿಯ ಪಕ್ಕ ನಿಲ್ಲಿಸಿ, ಅದಕ್ಕೆ ಒಪ್ಪುವ ರೈಲು ಮಾಡಿ, ಎತ್ತು ಎಲ್ಲರ ಮನೆಯಲ್ಲೂ ಒಂದೇ ಎಂದು ಬರೆದೆ. ನೀವು ಒಪ್ಪಿದಿರಿ. ಈಗ ನೋಡಿದರೆ ನಿಮ್ಮ ಎತ್ತು ನನ್ನ ಎತ್ತಿನ ಹೊಟ್ಟೆಯ ಕೆಳಗೆ ಹಾಯ್ದುಹೋಗುತ್ತದೆ. ಅಕ್ಕೋರೆ, ನಿಮ್ಮ ಎತ್ತಿಗೆ ಏನಾಗಿದೆ? ಹಿಂಡಿ ಹಾಕುವುದಿಲ್ಲವೆ?

ನವೆಂಬರ್ ಇಪ್ಪತ್ತಮೂರಕ್ಕೆ ಬಸವನ ಬಾಗೇವಾಡಿಯಲ್ಲಿ ಪ್ರದರ್ಶನ. ಒಂದು ಮಾದರಿ, ಒಂದು ಫಲಕ, ಅದರ ಮೇಲೆ ನಿಮ್ಮ ಹೆಸರು, ನನ್ನ ಹೆಸರು. ಮಕ್ಕಳ ರಿಜಿಸ್ಟರ್ ಮದುವೆಯ ಕಾಗದ ಬಿಟ್ಟರೆ ನಮ್ಮ ಎರಡು ಮನೆಯ ಹೆಸರು ಕೂಡಿ ಬರೆದದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲ. ನನಗೆ ಬಹುಮಾನ ಬೇಡ. ಆ ಫಲಕ ಬೇಕು. ಖರ್ಚು ಮಾಡಿದ್ದು ಅದಕ್ಕೆ.

ಪರಶು

*

ಮುದ್ದೇಬಿಹಾಳ
೧೧ ಆಗಸ್ಟ್ ೨೦೨೫

ಮಾನ್ಯ ಪರಶು ಹೊಸಮನಿ ಅವರಿಗೆ,

ಬಸ್ಸಿನ ಕಂಡಕ್ಟರ್ ಸಿದ್ದಲಿಂಗ ನಿಮ್ಮ ಕಾಗದ ತಲುಪಿಸಿದ. ನಿಮ್ಮ ಖರ್ಚಿನಲ್ಲಿ ನನ್ನ ಖರ್ಚು ಸೇರಿಲ್ಲ. ಸೇರಿಸುವುದೂ ಬೇಡ.

ನಮ್ಮ ಎತ್ತಿಗೆ ಏನೂ ಆಗಿಲ್ಲ. ಪೂಜೆಗೆ ಅದನ್ನು ದೇವರ ಕೋಣೆಯ ಗೋಡೆಯಲ್ಲಿರುವ ಗೂಡಿನಂಥ ಮಾಡದಲ್ಲಿ ಇಡಬೇಕು. ಮಾಡ ಇರುವುದೇ ನಾಲ್ಕು ಬೆರಳು ಎತ್ತರ. ಕೊಂಬಿಗೆ ಬೇಗಡೆ ಹಚ್ಚಿ ಮುಂದೆ ಹಣತೆ ಇಡಲು ಜಾಗ ಬೇಕು. ಹಾಗಾಗಿ ನಮ್ಮ ಅತ್ತೆಯ ಕಾಲದಿಂದಲೂ ನಮ್ಮಲ್ಲಿ ಎತ್ತು ಎರಡು ಬೆರಳು. ಹೊರಗೆ ದನದ ಹಕ್ಕೆಯಲ್ಲಿ ಕಟ್ಟಿದ ಎತ್ತು ಎಷ್ಟು ದೊಡ್ಡದಿದ್ದರೂ ಮಾಡದೊಳಗಿನದು ಎರಡೇ ಬೆರಳು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ನಾನು ತಿಳಿದಿದ್ದೆ. ನೀವು ಒಂದು ಸಲ ನಮ್ಮ ಮನೆಗೆ ಬಂದು ನೋಡಿದ್ದರೆ

ಆ ವಾಕ್ಯ ಬಿಡಿ.

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಎತ್ತನ್ನು ಅಳತೆಯ ಮಾನವಾಗಿ ಒಪ್ಪಿಕೊಂಡದ್ದು ನನ್ನ ಬುದ್ಧಿಗೇಡಿತನ. ಆದರೆ ಒಂದು ಅದೃಷ್ಟ. ನಿಮ್ಮ ಗಾಡಿ ನಿಜದ ರೈಲಿನ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು ಬರುತ್ತದೆ, ನನ್ನದು ನಲವತ್ತೈದರಲ್ಲಿ ಒಂದು. ನಿಖರವಾಗಿ ಅರ್ಧ; ಹಳಿಗಳ ಅಂತರ ಮಾತ್ರ ಅವರವರಿಗೆ ಸಿಕ್ಕ ಗಾಲಿಗೆ ತಕ್ಕಂತೆ ಹಾಕಿದ್ದು, ಅದಕ್ಕೆ ಈ ಲೆಕ್ಕ ಕೂಡುವುದಿಲ್ಲ. ಎರಡು ಅಳತೆ ಬೆರೆಸಬೇಕಾದಾಗ ಎಲ್ಲ ಕಡೆ ಮಾಡುವ ಉಪಾಯವೊಂದಿದೆ: ದೊಡ್ಡದು ಮುಂದೆ, ಸಣ್ಣದು ಹಿಂದೆ, ನಡುವೆ ಒಂದು ಗುಡ್ಡ. ನಿಮ್ಮ ರೈಲು ಸುರಂಗದೊಳಗೆ ಹೋಗುತ್ತದೆ, ಆಚೆ ನನ್ನ ರೈಲು ಹೊರಬರುತ್ತದೆ. ನೋಡುವವರಿಗೆ ಅದೇ ಗಾಡಿ ದೂರ ಹೋದಂತೆ ಕಾಣುತ್ತದೆ. ನಕ್ಷೆ ಜೊತೆಗಿಟ್ಟಿದ್ದೇನೆ.

ಕರೆಂಟಿನ ಮಾತು ಅನಗತ್ಯವಾಗಿತ್ತು.

ಭಾಗ್ಯಜ್ಯೋತಿ

*

ಸಿಂದಗಿ
೧೬ ಆಗಸ್ಟ್ ೨೦೨೫

ಅಕ್ಕೋರೆ,

ಕರೆಂಟಿನ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಗುಡ್ಡ ಮಾತ್ರ ಒಪ್ಪಲಾರೆ.

ಮೊದಲು ನನ್ನ ಎತ್ತಿನ ಕಥೆ ಕೇಳಿ. ನಮಗೆ ಹೊಲ ಇರಲಿಲ್ಲ, ಹಕ್ಕೆಯಲ್ಲಿ ಎತ್ತೂ ಇರಲಿಲ್ಲ. ಅಪ್ಪ ಬಸಣ್ಣ ಪ್ರತಿ ವರ್ಷ ಕೆರೆಯಿಂದ ಬುಟ್ಟಿಗಟ್ಟಲೆ ಮಣ್ಣು ತಂದು ಮೊಣಕಾಲ ಮೇಲೆ ಇಟ್ಟುಕೊಂಡು ತಿದ್ದುತ್ತಿದ್ದ. ಅವ್ವ, "ಇಷ್ಟ ದೊಡ್ಡದು ಯಾಕ?" ಎಂದರೆ, "ಹೊಲ ಇಲ್ಲದವರ ಎತ್ತು ದೊಡ್ಡದss ಇರಬೇಕು. ಸಣ್ಣದ ಮಾಡಿದ್ರ ಅದನ್ನೂ ಯಾರರ ಕಿಸೇದಾಗ ಹಾಕ್ಕೊಂಡ ಹೋಗ್ತಾರ" ಎನ್ನುತ್ತಿದ್ದ. ಈಗ ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆ, ಬಾಬಾಸಾಹೇಬರ ಪಟ ಇದೆ. ಎತ್ತಿನ ಪೂಜೆ ನಿಂತಿದೆ; ಎತ್ತು ಮಾಡುವುದು ನಿಂತಿಲ್ಲ. ನಮ್ಮಲ್ಲಿ ಮಾಡವೇ ಇಲ್ಲ, ನಮ್ಮ ಎತ್ತು ಕಿಟಕಿಯ ಕಟ್ಟೆಯ ಮೇಲೆ ನಿಲ್ಲುತ್ತದೆ, ಓಣಿಗೆಲ್ಲ ಕಾಣುವ ಹಾಗೆ. ನೀವೂ ಒಂದು ಸಲ ಬಂದು ನೋಡಿದ್ದರೆ ಎಂದು ನಾನು ವಾಕ್ಯ ಪೂರ್ತಿ ಮಾಡಿಯೇ ಬರೆಯುತ್ತೇನೆ: ನೋಡಿದ್ದರೆ ಹದಿನೆಂಟು ಸಾವಿರ ಉಳಿಯುತ್ತಿತ್ತು.

ಇನ್ನು ನಿಮ್ಮ ಗುಡ್ಡ. ಸಿಂದಗಿಯಿಂದ ದೇವರ ಹಿಪ್ಪರಗಿ ದಾಟಿ ಬಾಗೇವಾಡಿಯವರೆಗೆ ರೈಲು ಮುಚ್ಚುವಷ್ಟು ದೊಡ್ಡ ಗುಡ್ಡ ಒಂದು ತೋರಿಸಿ. ಎರೆಭೂಮಿ ಮೇಡಂ. ತೊಗರಿಯ ಸಾಲಿನಲ್ಲಿ ನಾಯಿ ಕೂತರೂ ಕಾಣುತ್ತದೆ. ಇಲ್ಲದ ಗುಡ್ಡ ಕಟ್ಟಿ, ಅದರ ಮರೆಯಲ್ಲಿ ನಾನು ಒಳಗೆ ಹೋಗಿ ನೀವು ಹೊರಗೆ ಬಂದರೆ ನಾವು ಕೂಡಿದ್ದೇ ಎಲ್ಲಿ? ಅದು ಮೂರು ವರ್ಷದಿಂದ ಇಂಡಿಯಲ್ಲಿ ನಡೆಯುತ್ತಿರುವುದೇ. ಮರೆ ಬೇಡ. ಕೂಡಿಸುವುದಾದರೆ ಮಂದಿಯ ಕಣ್ಣೆದುರಿಗೆ ಕೂಡಿಸೋಣ.

ನನ್ನ ಉಪಾಯ: ಮೂರನೇ ಹಳಿ. ಚಿಕ್ಕವನಿದ್ದಾಗ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಶೇಂಗಾ ಮಾರುತ್ತಿದ್ದೆ, ಮೀಟರ್ ಗೇಜಿನ ಕಾಲ. ಎರಡು ಗೇಜಿನ ಗಾಡಿಯೂ ಹಾಯುವ ಕಡೆ ಮೂರು ಹಳಿ ಹಾಕುತ್ತಾರೆ ಎಂದು ಗ್ಯಾಂಗಿನವರು ಮಾತಾಡುವುದು ಕೇಳಿದ್ದೆ. ನನ್ನ ಮೇಜಿನಲ್ಲಿ ಎರಡು ಹಳಿಯ ನಡುವೆ ಒಂದು ಹಳಿ ಸೇರಿಸುತ್ತೇನೆ. ನಿಮ್ಮ ಮೇಜಿನಲ್ಲಿ ಹೊರಗಿನಿಂದ ಒಂದು ಸೇರಿಸಿ. ಒಂದು ಹಳಿ ಇಬ್ಬರಿಗೂ ಸಮಾನ, ಉಳಿದ ಒಂದೊಂದು ಅವರವರದು. ದೊಡ್ಡ ಗಾಡಿಯೂ ಇಂಡಿಯಿಂದ ಮುದ್ದೇಬಿಹಾಳದ ತನಕ, ಸಣ್ಣದೂ ಮುದ್ದೇಬಿಹಾಳದಿಂದ ಇಂಡಿಯ ತನಕ.

ಒಂದು ಎಚ್ಚರಿಕೆ. ನನ್ನ ಗಾಡಿ ನಿಮ್ಮ ಸ್ಟೇಷನ್ನಿನ ಛಾವಣಿಗೆ ತಲೆ ಹೊಡೆಯುತ್ತದೆ. ನಿಮ್ಮ ಛಾವಣಿ ಎತ್ತರಿಸಬೇಕು. ನನ್ನ ಗಾಡಿ ತಗ್ಗುವುದಿಲ್ಲ.

ಪರಶು

*

ಮುದ್ದೇಬಿಹಾಳ
೨ ಸೆಪ್ಟೆಂಬರ್ ೨೦೨೫

ಮಾನ್ಯರೆ,

ಮೂರನೇ ಹಳಿಯ ಲೆಕ್ಕ ನೋಡಿದೆ. ಒಳಗಿನ ಎರಡು ಹಳಿಗಳ ಅಂತರ ಹದಿಮೂರು ಮಿಲಿಮೀಟರು ಬರುತ್ತದೆ. ಗಾಲಿಯ ಅಂಚು ಹಾಯಲು ಸಾಕು. ಉಪಾಯ ಸರಿಯಾಗಿದೆ.

ಆದರೆ ಪ್ರದರ್ಶನದ ಸಮಿತಿಯಿಂದ ನಿಯಮ ಬಂದಿದೆ. ಒಂದು ಮಾದರಿಗೆ ಒಂದೇ ಅಳತೆ. ಎರಡು ಅಳತೆ ಬೆರೆತರೆ ಪ್ರದರ್ಶನದ ಹಾಲಿನೊಳಗೆ ಪ್ರವೇಶವಿಲ್ಲ. ಆದ್ದರಿಂದ ನನ್ನ ಅರ್ಧ ಹಾಲಿನಲ್ಲಿ, ನಿಮ್ಮ ಅರ್ಧ ಹೊರಗಿನ ವರಾಂಡದಲ್ಲಿ, ಬೇರೆ ಬೇರೆ ಮಾದರಿ ಎಂದು ಇಡಬಹುದು ಎಂದಿದ್ದಾರೆ. ಒಪ್ಪಿಕೊಳ್ಳಿ. ವರಾಂಡದಲ್ಲಿ ಬೆಳಕು ಚೆನ್ನಾಗಿರುತ್ತದೆ.

ಸಮಿತಿಯ ಅಧ್ಯಕ್ಷರು ನಮ್ಮ ಯಜಮಾನರ ಅಣ್ಣ, ಶ್ರೀಶೈಲಪ್ಪನವರು. ನಿಮಗೆ ಗೊತ್ತಿರಬಹುದು.

ಇದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಭಾಗ್ಯಜ್ಯೋತಿ

*

ಸಿಂದಗಿ
೫ ಸೆಪ್ಟೆಂಬರ್ ೨೦೨೫

ಅಕ್ಕೋರೆ,

ವರಾಂಡದ ಬೆಳಕು ನಮಗೆ ಹೊಸದಲ್ಲ. ನಮ್ಮಪ್ಪ ಜೀವಮಾನವಿಡೀ ಅದೇ ಬೆಳಕಿನಲ್ಲಿ ಕೂತ. ನಿಮ್ಮಂಥವರ ಮನೆಯ ಮಂದಿ ಒಳಗಿನಿಂದ ಮಾತಾಡುತ್ತಿದ್ದರು, ಅವನು ಹೊರಗಿನಿಂದ ಉತ್ತರ ಕೊಡುತ್ತಿದ್ದ. ಚಹಾ ಬರುತ್ತಿತ್ತು, ಕಪ್ಪು ಬೇರೆ ಇರುತ್ತಿತ್ತು. ಇಷ್ಟು ವರ್ಷವಾದ ಮೇಲೆ ಅವನ ಮಗನ ರೈಲಿಗೂ ಅದೇ ಜಾಗ ಹುಡುಕಿಕೊಟ್ಟಿರಿ.

ನಿಮ್ಮ ಕಾಗದ ಮೂರು ಸಲ ಓದಿದೆ. ಒಂದು ಸಲವಾದರೂ "ನಾನು ಒಪ್ಪಲಿಲ್ಲ" ಎಂಬ ಮಾತು ಸಿಗಬಹುದು ಎಂದು. "ಒಪ್ಪಿಕೊಳ್ಳಿ" ಸಿಕ್ಕಿತು. ನಿಯಮ ಅವರದಿರಬಹುದು, ಅಕ್ಷರ ನಿಮ್ಮದು. ಇಲ್ಲಿ ಅಳತೆ ಒಂದು ನೆಪ. ನನ್ನ ಗಾಡಿಯ ಪಕ್ಕ ನಿಮ್ಮ ಗಾಡಿ ನಿಂತರೆ ನಿಮಗೇ ನಾಚಿಕೆ. ನಾಚಿಕೆ ಇದ್ದರೆ ನೇರ ಹೇಳಬೇಕಿತ್ತು. ಬೆಳಕಿನ ವ್ಯಾಪಾರ ಯಾಕೆ?

ನಾನು ವರಾಂಡದಲ್ಲಿ ಇಡುವುದಿಲ್ಲ. ನೀವು ಒಳಗೆ ಇಟ್ಟುಕೊಳ್ಳಿ, ಚೆನ್ನಾಗಿರಿ.

ಪರಶು ಬಸಣ್ಣ ಹೊಸಮನಿ

*

ಸಿಂದಗಿ
೨೯ ಸೆಪ್ಟೆಂಬರ್ ೨೦೨೫

ಅಕ್ಕೋರೆ,

ನಿಮ್ಮಿಂದ ಉತ್ತರವಿಲ್ಲ. ಸಿದ್ದಲಿಂಗನ ಬಸ್ಸು ಬಂದಾಗಲೆಲ್ಲ ಹೋಗಿ ನಿಂತೆ. ಅವನು ದೂರದಿಂದಲೇ ಕೈ ಆಡಿಸಿ "ಇಲ್ಲ" ಎನ್ನುತ್ತಾನೆ. ಉತ್ತರ ಬರದಿದ್ದರೆ ನಾನೇ ಹೋಗಿ ತರುವ ಜಾತಿ. ಬಾಗೇವಾಡಿಗೆ ಹೋಗಿ ನಿಮ್ಮ ಭಾವನವರನ್ನು ಕಂಡೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲಿನ ಪಕ್ಕದ ಆಫೀಸಿನಲ್ಲಿ ಕೂತಿದ್ದರು. ನನ್ನನ್ನು ಕೂಡು ಎನ್ನಲಿಲ್ಲ, ನಾನೇ ಕುರ್ಚಿ ಎಳೆದುಕೊಂಡೆ.

"ಏನೋ ಪರಶು, ಗೇಟ್ ಮಾಡಾಂವ ರೈಲ್ ಮಾಡಾಕತ್ತೀಯಂತಲ್ಲೋ?"

"ಹೌದ್ರಿ. ಗೇಟ್ ಮಾಡಿ ಮಾಡಿ ಸಾಕಾಗೇತ್ರಿ. ಮಾಡಿದ್ದೆಲ್ಲಾ ಮುಚ್ಚಿss ಇಡ್ತಾರ. ರೂಲ್ ತೋರಸ್ರಿ."

ತೋರಿಸಿದರು. ಒಂದು ಮಾದರಿಗೆ ಒಂದೇ ಅಳತೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಹೋದ ವರ್ಷದ ಮೊದಲ ಬಹುಮಾನದ ಫೋಟೋ, ಮಾದರಿ ತೋಟ. ನಾನು ಗೇಟು ಅಳೆಯುವವನಲ್ಲವೆ, ಕಣ್ಣು ಸುಮ್ಮನಿರುವುದಿಲ್ಲ.

"ಆ ತೋಟದಾಗ ಟ್ರ್ಯಾಕ್ಟರಿನಕಿಂತ ಕೋಳಿ ದೊಡ್ಡದೈತ್ರಿ. ಆ ಕೋಳಿ ತತ್ತಿ ಇಟ್ರ ಮನಿ ಮುರೀತೈತಿ. ಅದಕ್ಕ ರೂಲ್ ಇರಲಿಲ್ಲೇನ್ರಿ?"

"ಅದು ಬ್ಯಾರೆ."

"ಏನ್ ಬ್ಯಾರೆ ಹೇಳ್ರಲಾ."

"ಅದರ ಮ್ಯಾಲ ಒಂದss ಮನಿತನದ ಹೆಸರಿತ್ತು." ಸಿಟ್ಟಿಗೆದ್ದ ಮನುಷ್ಯ ಬೇಡದ್ದನ್ನೂ ಹೇಳಿಬಿಡುತ್ತಾನೆ. "ನಮ್ಮ ತಮ್ಮನ ಹೇಣ್ತಿಗೆ ಹೇಳೇನಿ, ಅಂವನ ಹೆಸರ ತಗಸು ಅಂತ. ಅಕಿ ಏನಂದ್ಲು ಗೊತ್ತೇನ್? ಬೇಕಾದ್ರ ನನ್ನ ಹೆಸರ ತಗೀರಿ, ಅವರದು ಇರಲಿ ಅಂದ್ಲು! ನಾ ಅಂವನ್ನ ಅಂಗಳಕ್ಕೂ ಬಿಡಂಗಿಲ್ಲ ಅಂದ್ರ, ವರಾಂಡದಾಗರ ಬಿಡ್ಲಿಲ್ಲಂದ್ರ ನಾನೂ ಬರಂಗಿಲ್ಲ ಅಂತ ಹಟಾ ಹಿಡದ್ಲು. ಮನ್ಯಾಗ ಹೆಣ್ಣಮಕ್ಕಳಿಗೆ ನಿನ್ನ ಸಂಬಂಧ ಬಾಯಿ ಬಂದೈತಿ."

ನಾನು ಎದ್ದೆ. "ಬಾಯಿ ಮೊದಲss ಇತ್ತ್ರಿ. ಮೂವತ್ತ ವರ್ಷ ಸಾಲಿ ಕಲಿಸ್ಯಾರ" ಎಂದು ಬಂದೆ.

ಇಷ್ಟು ನಡೆದಿತ್ತು, ನೀವು ಬರೆದದ್ದು ಬೆಳಕಿನ ಬಗ್ಗೆ. ಸೆಪ್ಟೆಂಬರ್ ಐದರ ನನ್ನ ಕಾಗದ ಹರಿದುಹಾಕಿ. ಅದು ವಿಳಾಸ ತಪ್ಪಿ ನಿಮಗೆ ಬಂದದ್ದು ಎಂದು ತಿಳಿಯಿರಿ.

ಆದರೆ ನಿಮ್ಮ ಮೇಲೂ ಒಂದು ತಕರಾರು ಇದೆ. ನಿಮ್ಮ ಹೆಸರು ತೆಗೆದು ನನ್ನದೊಂದೇ ಇಟ್ಟ ಫಲಕ ನಾನು ಏನು ಮಾಡಲಿ? ನನ್ನ ಹೆಸರು ಒಂಟಿಯಾಗಿ ಬೇಕಿದ್ದರೆ ವರ್ಕ್‌ಶಾಪಿನ ಬೋರ್ಡಿನ ಮೇಲೆ ಎರಡಡಿ ಅಕ್ಷರದಲ್ಲಿ ಇದೆ.

ಪರಶು

*

ಮುದ್ದೇಬಿಹಾಳ
೮ ಅಕ್ಟೋಬರ್ ೨೦೨೫

ಪರಶು ಅವರಿಗೆ,

ಹರಿದಿಲ್ಲ. ಬೈದದ್ದಾದರೂ ವಾಕ್ಯಗಳು ಗಟ್ಟಿಯಾಗಿವೆ.

ಉತ್ತರ ಬರೆಯದಿದ್ದುದಕ್ಕೆ ಕಾರಣ ಕೋಪವಲ್ಲ, ಫೆವಿಕಾಲ್. ನಿಮ್ಮ ಬೈಗುಳ ಬಂದಾಗ ನನ್ನ ಮೇಜಿನ ಮೇಲೆ ಮೂರನೇ ಹಳಿಯ ಸ್ಲೀಪರುಗಳು ಅರ್ಧ ಅಂಟಿದ್ದವು. ಹೌದು, ಒಪ್ಪಿಕೊಳ್ಳಿ ಎಂದು ನಿಮಗೆ ಬರೆದು ನಾನು ಹಳಿ ಹಾಕುತ್ತಿದ್ದೆ. ನಿಮ್ಮನ್ನು ಪೂರ್ತಿ ಹೊರಗಿಡುತ್ತಾರೆ ಎಂಬ ಹೆದರಿಕೆಯಲ್ಲಿ ವರಾಂಡ ಒಪ್ಪಿಸಿದೆ. ಆ ಹೆದರಿಕೆಯನ್ನು ನಿಮಗೆ ಹೇಳಲು ಇನ್ನೊಂದು ಹೆದರಿಕೆ. ಅದು ಈಗ ಮುಗಿಯಿತು. ಸ್ಟೇಷನ್ನಿನ ಛಾವಣಿ ಎತ್ತರಿಸಿದ್ದೇನೆ. ನನ್ನ ಪ್ರಯಾಣಿಕರಿಗೆ ಅದು ಈಗ ಕಲ್ಯಾಣ ಮಂಟಪದಂತೆ ಕಾಣುತ್ತದೆ.

ನಮ್ಮ ಯಜಮಾನರು ದಿನಾ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಮಗಳ ಮದುವೆಯ ನಂತರ ಅವರ ಮಾತೇ ಕಡಿಮೆ. ಮೊನ್ನೆ ಕೈಗರಗಸ ತಂದು ಮೇಜಿನ ಮೇಲಿಟ್ಟು, "ಆ ಬ್ಲೇಡಿಲೇ ಕೊಯ್ದ್ರ ಹಲಗಿ ಸೀಳ್ತೈತಿ. ಇದರ್ಲೆ ಕೊಯ್ಯಿ" ಎಂದರು. ಅಷ್ಟೇ. ಅದನ್ನು ಏನೆಂದು ಓದಬೇಕೋ ನನಗೆ ಗೊತ್ತಿಲ್ಲ.

ಭಾವನವರೂ ಬಂದಿದ್ದರು.

"ಭಾಗ್ಯಾ, ಮನಿತನದ ಮಾರಿ ನೋಡು" ಎಂದರು.

"ನೋಡಾಕತ್ತೇನ್ರಿ. ಮೂರ ವರ್ಷ ಆತು ಮಗಳ ಮಾರಿ ಕದ್ದು ನೋಡಿ, ಅದನss ಎದುರಿಗೆ ನೋಡಾಕತ್ತೇನಿ" ಎಂದೆ.

ನೋಂದಣಿ ಇಬ್ಬರ ಹೆಸರಿನಲ್ಲಿದೆ. ಹಿಂತೆಗೆಯಬೇಕಾದರೆ ಇಬ್ಬರ ಸಹಿಯೂ ಬೇಕು. ನಾನು ಮಾಡುವುದಿಲ್ಲ. ನೀವು?

ಒಂದು ವಿನಂತಿ. ನಿಮ್ಮ ಎತ್ತಿನ ಜೋಡಿಯನ್ನು ಅಟ್ಟದ ಮೇಲಿಡಬೇಡಿ. ನಿಮ್ಮದೂ ನಮ್ಮದೂ ಒಂದೇ ಹೊಲದಲ್ಲಿ ನಿಲ್ಲಲಿ. ಅಳತೆ ಯಾರಾದರೂ ಕೇಳಿದರೆ ನಾನು ಉತ್ತರ ಕೊಡುತ್ತೇನೆ.

ಭಾಗ್ಯಜ್ಯೋತಿ

*

ಸಿಂದಗಿ
೩ ನವೆಂಬರ್ ೨೦೨೫

ಬೀಗತಿಯವರಿಗೆ (ಬೇಡವೆನಿಸಿದರೆ ಹೊಡೆದುಹಾಕಿ, ಪೆನ್ಸಿಲಿನಲ್ಲಿ ಬರೆದಿದ್ದೇನೆ),

ನಾನೂ ಮಾಡುವುದಿಲ್ಲ.

ಮಗ ಅನಿಲಕುಮಾರ ನಿಮ್ಮ ಸಣ್ಣ ಎಂಜಿನ್ ತಂದುಕೊಟ್ಟ. ನನ್ನ ಮೇಜಿನ ಮೂರು ಹಳಿಯ ಮೇಲೆ ಓಡಿಸಿದೆ. ಮೊದಲ ದಿನ ಸಿಂದಗಿ ದಾಟುವ ಮೊದಲೇ ಮೂರು ಸಲ ಮಲಗಿತು. ಕಾರಣ ನನ್ನ ಹಳಿಯ ಅಂಚಿನಲ್ಲಿ ಉಜ್ಜದೆ ಬಿಟ್ಟ ಸುಂಕು, ಕೊಯ್ದಾಗ ಏಳುವ ಲೋಹದ ಮುಳ್ಳು. ನನ್ನ ಭಾರದ ಗಾಡಿ ಅದನ್ನು ತುಳಿದು ಹೋಗುತ್ತಿತ್ತು, ನಿಮ್ಮ ಹಗುರ ಗಾಡಿ ಎಡವುತ್ತಿತ್ತು. ಭಾರ ಇದ್ದವನಿಗೆ ರಸ್ತೆಯ ಕಲ್ಲು ಗೊತ್ತಾಗುವುದಿಲ್ಲ ಎಂಬುದು ಈ ವಯಸ್ಸಿನಲ್ಲಿ ತಿಳಿಯಿತು. ಇಡೀ ಹಳಿ ಮತ್ತೆ ಉಜ್ಜಿದೆ.

ಈಗ ಒಂದೇ ತೊಡಕು. ಪ್ಲಾಟ್‌ಫಾರ್ಮನ್ನು ನನ್ನ ಅಗಲ ಬೋಗಿಗೆ ತಕ್ಕಂತೆ ದೂರ ಸರಿಸಿದರೆ ನಿಮ್ಮ ಬೋಗಿಗೂ ಅದಕ್ಕೂ ನಡುವೆ ಒಂದೂವರೆ ಬೆರಳು ಸಂದು. ನಿಮ್ಮ ಪ್ರಯಾಣಿಕರು ಹಾರಬೇಕು. ಎತ್ತರವೂ ಹೊಂದುವುದಿಲ್ಲ. ಸುಂದರವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸಣ್ಣ ಗಾಡೀ ಮಂದಿಗೆ ರೊಟ್ಟಿ ಕಡಿಮಿ ಆಗ್ಯಾವೇನ್ರಿ? ಒಂದ ಹಲಗಿ ಹಾಕ್ರಿ. ಬಸ್ಸಿಗೆ ಕುರಿ ಏರಸೂಮುಂದ ಹಾಕಂಗಿಲ್ಲೇನ?"

ಹಲಗೆ ಹಾಕಿದೆ. ದೊಡ್ಡ ಗಾಡಿ ಬಂದಾಗ ಮಡಚಿಕೊಳ್ಳುವ ಹಾಗೆ ಬಿಜಾಗರಿ ಇಟ್ಟು, ಕೆಂಪು ಬಣ್ಣ ಬಳಿದು. ಮುಚ್ಚಲಿಲ್ಲ. ಸಂದು ಇದೆ, ಹಲಗೆಯೂ ಇದೆ, ಎರಡೂ ಕಾಣಲಿ. ನಾಲ್ಕು ದಿನ ಮಾತು ಬಿಟ್ಟಿದ್ದವಳು ಈಗ ದಿನಾ ಒಂದು ಸಲಹೆ ಕೊಡುತ್ತಾಳೆ, ಮೊದಲಿನದೇ ಅಗ್ಗವಿತ್ತು.

ಪರಶು

*

ಮುದ್ದೇಬಿಹಾಳ
೧೭ ನವೆಂಬರ್ ೨೦೨೫

ಬೀಗರಿಗೆ,

ಪೆನ್ಸಿಲಿನ ಮೇಲೆ ಪೆನ್ನಿನಿಂದ ತಿದ್ದಿದ್ದೇನೆ.

ಸಮಿತಿಯವರು ಫಲಕ ಬರೆಸಿ ಹಾಲಿನಲ್ಲಿ ನಿಲ್ಲಿಸಿದ್ದಾರೆ. ನನ್ನ ಹೆಸರು ಮಾತ್ರ ಇದೆಯಂತೆ. ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಹೆಚ್ಚು ಬರೆಯಬಾರದು ಎಂದು ಮಕ್ಕಳಿಗೆ ಕಲಿಸುತ್ತಿದ್ದೆ.

ಭಾನುವಾರ ನಿಮ್ಮ ಮೇಜು ತನ್ನಿ. ಹಿಂದಿನ ಗೇಟಿಗೆ ಹೋಗಿ ಎಂದು ಯಾರಾದರೂ ಹೇಳುತ್ತಾರೆ, ಹೋಗಬೇಡಿ. ಮುಂದಿನ ಗೇಟಿಗೇ ಟೆಂಪೋ ನಿಲ್ಲಿಸಿ. ವರಾಂಡದಲ್ಲಿ ಬಾಗಿಲಿಗೆ ಎದುರಾಗಿ ಇಳಿಸಿ, ಬಾಗಿಲ ಕಡೆಗೆ ಹಳಿಯ ತುದಿ ಬರುವಂತೆ. ಸುಂದರವ್ವನವರೂ ಬರಲಿ.

ಭಾಗ್ಯಜ್ಯೋತಿ

*

ಮುದ್ದೇಬಿಹಾಳ
೨೫ ನವೆಂಬರ್ ೨೦೨೫

ಬೀಗರಿಗೆ,

ಒಳಗೆ ಏನು ನಡೆಯಿತು ಎಂದು ಭಾನುವಾರ ಸಂಜೆ ಕೇಳಿದಿರಿ. ಅಷ್ಟು ಮಂದಿಯ ನಡುವೆ ಹೇಳಲಾಗಲಿಲ್ಲ.

ನನ್ನ ಮೇಜು ಹಾಲಿನ ನಡುವೆ ಇತ್ತು, ಪಕ್ಕದಲ್ಲಿ ಫಲಕ. ಹತ್ತು ಗಂಟೆಗೆ ಭಾವನವರು ತೀರ್ಪುಗಾರರನ್ನು ಕರೆತಂದು, ಇದು ನಮ್ಮ ಮನೆತನದ ಕೆಲಸ, ಇಂಡಿಯಿಂದ ಮುದ್ದೇಬಿಹಾಳದ ರೈಲು ಎಂದು ಪರಿಚಯ ಮಾಡಿದರು. ಒಬ್ಬ ತೀರ್ಪುಗಾರರು ಬಗ್ಗಿ ನೋಡಿ, "ಬಾಗೇವಾಡಿಯಿಂದ ಶುರು ಆಗೇತಲ್ರಿ? ಇಂಡಿ ಎಲ್ಲೈತಿ, ಸಿಂದಗಿ ಎಲ್ಲೈತಿ?" ಎಂದು ಕೇಳಿದರು.

"ಹೊರಗ ಅದಾವ್ರಿ. ಒಳಗ ಬಿಟ್ಟಿಲ್ಲ" ಎಂದೆ.

"ಭಾಗ್ಯಾ" ಎಂದರು ಭಾವನವರು.

"ಅರ್ಧ ರೈಲಿಗೆ ನಂಬರ ಕೊಡಬ್ಯಾಡ್ರಿ. ತಡೀರಿ, ಕೂಡಸ್ತೇನಿ" ಎಂದು ಫಲಕ ಎತ್ತಿ ಭಾವನವರ ಕೈಗೇ ಕೊಟ್ಟೆ. ಮೇಜಿನ ಒಂದು ತುದಿ ಹಿಡಿದು ಎತ್ತಿದೆ. ಎತ್ತಿದ ಮೇಲೆ ಗೊತ್ತಾಯಿತು, ಒಬ್ಬರಿಂದ ಆಗುವ ಕೆಲಸವಲ್ಲ. ಹಾಲಿನಲ್ಲಿ ಅರವತ್ತು ಎಪ್ಪತ್ತು ಮಂದಿ, ಎಲ್ಲ ನಮ್ಮವರೇ, ಒಬ್ಬರೂ ಅಲುಗಲಿಲ್ಲ. ನನ್ನ ಸ್ಟೇಷನ್ನಿನ ಛಾವಣಿ ನಡುಗುವುದು ಮಾತ್ರ ನನಗೆ ಕಾಣುತ್ತಿತ್ತು. ಇಳಿಸಿದರೆ ಮತ್ತೆ ಎತ್ತಲಾರೆ ಎಂದು ಹಾಗೇ ಹಿಡಿದು ನಿಂತೆ.

ಆಮೇಲೆ ಆ ತುದಿ ಎದ್ದಿತು. ನಮ್ಮ ಯಜಮಾನರು.

"ನೀ ಹಿಂದ ನಡಿಬ್ಯಾಡ, ಹೊಸ್ತಲಾ ಎಡವತಿ. ನಾ ಹಿಂದ ನಡೀತೇನಿ. ಮುಂದ ನೋಡಕೋತ ಬಾ" ಎಂದರು.

ಭಾವನವರು, "ತಮ್ಮಾ, ಏನ ಮಾಡಾಕತ್ತೀ?" ಎಂದರು.

"ಅಣ್ಣಾ, ದಾರಿ ಬಿಡು. ಭಾರ ಐತಿ."

ಇದಿಷ್ಟೇ ನಡೆದದ್ದು. ಬಾಗಿಲು ದಾಟಿದ ಮೇಲಿನದನ್ನು ನೀವೇ ನೋಡಿದಿರಿ.

ಭಾಗ್ಯಜ್ಯೋತಿ

*

ಸಿಂದಗಿ
೨೮ ನವೆಂಬರ್ ೨೦೨೫

ಬೀಗತಿಯವರಿಗೆ,

ನೋಡಿದೆ. ಆದರೆ ನಿಮಗೆ ಕಾಣದ್ದೂ ಸ್ವಲ್ಪ ಇದೆ. ನೀವು ಹಳಿ ಜೋಡಿಸುವುದರಲ್ಲಿ ಇದ್ದಿರಿ.

ನಿಮ್ಮ ಮೇಜು ನನ್ನ ಮೇಜಿಗೆ ತಾಗಿದಾಗ ಒಂದು ಕೂದಲೆಳೆಯ ಸಂದೂ ಉಳಿಯಲಿಲ್ಲ. ಇದನ್ನು ಒಬ್ಬ ಗೇಟು ಮಾಡುವವನ ಮಾತು ಎಂದು ನಂಬಿ. ನನ್ನ ದೊಡ್ಡ ಗಾಡಿ ಮೊದಲು ಹೊರಟಿತು, ನಿಮ್ಮ ಕಲ್ಯಾಣ ಮಂಟಪದ ಕೆಳಗೆ ತಲೆ ಎತ್ತಿಕೊಂಡೇ ಹಾಯಿತು. ಅದರ ಹಿಂದೆ ನಿಮ್ಮ ಸಣ್ಣ ಗಾಡಿ, ಅದೇ ಹಳಿಯ ಮೇಲೆ. ಒಬ್ಬ ಮುದುಕ ಪಟಕಾ ಸರಿಮಾಡಿಕೊಂಡು ನನ್ನನ್ನು ಕೇಳಿದ:

"ಇದು ಯಾವ ಗಾಡಿ ತಮ್ಮಾ?"

"ಇಂಡಿ ಮುದ್ದೇಬಿಹಾಳ ಪ್ಯಾಸೆಂಜರ್ ರೀ."

"ಒಂದ ದೊಡ್ಡದೈತಿ, ಒಂದ ಸಣ್ಣದೈತಿ?"

"ಹೌದ್ರಿ. ದೊಡ್ಡದೂ ಹೋಗ್ತೈತಿ, ಸಣ್ಣದೂ ಹೋಗ್ತೈತಿ."

"ಹಂಗಾರ ಆತು. ಹೋಗೂದು ಮುಖ್ಯ" ಎಂದು ಅಲ್ಲೇ ಕೂತ.

ಒಳಗಿದ್ದವರು ಒಬ್ಬೊಬ್ಬರೇ ಹೊರಗೆ ಬಂದರು, ಮಧ್ಯಾಹ್ನದ ಹೊತ್ತಿಗೆ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಹತ್ತಿರ ಫಲಕ ಇಲ್ಲ ಎಂದು ದಾನೇಶ್ವರಿ ಮೇಜಿನ ಮುಂದಿನ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆದಳು, ನಿಮ್ಮ ಹೆಸರು, ನನ್ನ ಹೆಸರು, ನಡುವೆ ಏನೂ ಇಲ್ಲ. ಮಂದಿ ಅದನ್ನು ತುಳಿಯದೆ ಸುತ್ತಿ ಹಾಯುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ.

ಇನ್ನು ಜಮಾ ಬರೆದು ಮುಗಿಸುತ್ತೇನೆ.

ಶ್ರೀಶೈಲಪ್ಪನವರಿಗೆ ಹಾಲು ಪೂರ್ತಿ ಸಿಕ್ಕಿತು, ನಿಯಮವೂ ಪೂರ್ತಿ ಉಳಿಯಿತು, ಕೈಯಲ್ಲಿ ಒಂದು ಫಲಕವೂ ಇದೆ. ಮಂದಿ ಸಿಗಲಿಲ್ಲ. ಮೊದಲ ಬಹುಮಾನ ಇಬ್ರಾಹಿಂಸಾಬರ ಗಾಳಿಯಂತ್ರಕ್ಕೆ ಹೋಯಿತು. ಯೋಗ್ಯ ಕೆಲಸ, ತಕರಾರಿಲ್ಲ. ಅವರು ಬಹುಮಾನದ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ರೈಲು ನೋಡುತ್ತ ನಿಂತರು.

ನಿಮ್ಮ ಯಜಮಾನರಿಗೆ ಸೊಂಟ ನೋವು ಮತ್ತು ಅಣ್ಣನ ಮುನಿಸು. ಸೊಂಟಕ್ಕೆ ಎಣ್ಣೆ ಕಳಿಸಿದ್ದೇನೆ. ನಿಮಗೆ ಮುದ್ದೇಬಿಹಾಳದಲ್ಲಿ ಮಾತು ಬಿಟ್ಟ ಮನೆಗಳು ನಾಲ್ಕು ಎಂದು ದಾನೇಶ್ವರಿ ಹೇಳಿದಳು. ಅವಳಿಗೆ ಮೂರು ವರ್ಷದ ಮೇಲೆ ಅಪ್ಪನ ಫೋನು. ಅವಳಿಗೂ ಅನಿಲನಿಗೂ ಇಂಡಿಯ ಪಡಸಾಲೆಯ ತುಂಬ ಎರಡು ಮೇಜು, ಕೂಡ್ರಲು ಜಾಗವಿಲ್ಲ, ಊಟ ಅಡುಗೆಮನೆಯಲ್ಲಿ. ಸುಂದರವ್ವನಿಗೆ ನಿಮ್ಮ ಮನೆಯ ಊಟದ ಕರೆ. ಹೋಗಬೇಕೋ ಬಿಡಬೇಕೋ ಎಂದು ಇನ್ನೂ ತೀರ್ಮಾನಿಸಿಲ್ಲ, ಅದನ್ನು ಇಟ್ಟುಕೊಂಡು ಓಣಿಯಲ್ಲಿ ದಿನಾ ಸುಖಪಡುತ್ತಿದ್ದಾಳೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲು ಬಂದಿಲ್ಲ.

ನನಗೆ ಫಲಕ ಸಿಗಲಿಲ್ಲ. ಸೀಮೆಸುಣ್ಣದ ಎರಡು ಹೆಸರು ಒಂದು ಹಗಲು ಇದ್ದವು. ಮರುದಿನ ಸಿಪಾಯಿ ಬಂದು ಒಂದೇ ಬಕೆಟ್ ನೀರಿನಲ್ಲಿ ಎರಡನ್ನೂ ತೊಳೆದ.

ಪರಶು